ಕೊರೊನಾ ರೂಪಾಂತರಿಗಳು ಮತ್ತು ಪಿಡುಗಿನ ನಂತರದ ರೋಗನಿರೋಧಕತೆ

ಕೋವಿಡ್-19 ರೋಗ ತರುವ ಸಾರ್ಸ್-ಕೋವ್-2 ವೈರಸ್ ಒಬ್ಬರಿಂದ ಒಬ್ಬರಿಗೆ ದಾಟುತ್ತ ಹೋದಂತೆ ಅದರ ಜೀನೋಮಿನಲ್ಲಿ ಸಣ್ಣಪುಟ್ಟ ಬದಲಾವಣೆಗಳು ಸೇರಿಕೊಳ್ಳುತ್ತವೆ. ಇಂಥ ಬದಲಾವಣೆಗಳ ಗೊಂಚಲೊಂದನ್ನು ಹೊತ್ತು, ಹರಡುವುದರಲ್ಲೋ ರೋಗದ ತೀವ್ರತೆಯಲ್ಲೋ ದೇಹದ ರಕ್ಷಣೆಯಿಂದ ನುಣುಚಿಕೊಳ್ಳುವುದರಲ್ಲೋ ಮೂಲ ತಳಿಗಿಂತ ಬೇರೆಯಾಗಿ ನಡೆದುಕೊಳ್ಳುವ ತಳಿಯೇ ರೂಪಾಂತರಿ. 2020ರ ಜನವರಿ 30ರಂದು ಸಾರಿದ್ದ ಅಂತರರಾಷ್ಟ್ರೀಯ ಆರೋಗ್ಯ ತುರ್ತುಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹಿಂತೆಗೆದುಕೊಂಡಿತು. ಆ ಹೊತ್ತಿಗೆ ವೈರಸ್ ಮಾಯವಾಗಿರಲಿಲ್ಲ. ವುಹಾನಿನ ಮೂಲ ತಳಿಗಿಂತ ಎಷ್ಟೋ ವೇಗವಾಗಿ ಹರಡಬಲ್ಲ ತಳಿಗಳೇ ಎಲ್ಲೆಡೆ ಓಡಾಡುತ್ತಿದ್ದವು. ಹಾಗಿದ್ದೂ ಸಾವುಗಳು ಇಳಿದದ್ದು ಹೇಗೆ ಎಂಬುದು ಈ ವಿಷಯದ ನಡುಬಿಂದುವಿನಲ್ಲಿರುವ ಪ್ರಶ್ನೆ. ವೈರಸ್ ತಾನಾಗಿಯೇ ಸೌಮ್ಯವಾಯಿತು ಎಂಬ ಉತ್ತರ ಜನಪ್ರಿಯವಾಗಿದೆ. ಸಾಕ್ಷ್ಯಗಳನ್ನು ಒಟ್ಟಿಗಿಟ್ಟು ನೋಡಿದರೆ ಆ ಉತ್ತರ ಸಾಲುವುದಿಲ್ಲ. ಬದಲಾದದ್ದು ಹೆಚ್ಚಾಗಿ ಮನುಷ್ಯರ ದೇಹ. ರೋಗನಿರೋಧಕತೆಗೆ ಹಲವು ಪದರಗಳಿವೆ. ರೂಪಾಂತರಿಗಳು ಹೊರಗಿನ ಪದರವನ್ನು ಮತ್ತೆ ಮತ್ತೆ ದಾಟಿದವು, ಒಳಗಿನ ಪದರಗಳನ್ನು ಬಹುಮಟ್ಟಿಗೆ ದಾಟಲಾರದೆ ಹೋದವು. ಸೋಂಕು ಮರುಕಳಿಸುತ್ತಲೇ ಇರುವುದು, ಸಾವು ಹಿಂದಿನ ಪ್ರಮಾಣದಲ್ಲಿ ಮರುಕಳಿಸದಿರುವುದು, ಎರಡೂ ಈ ಒಂದೇ ಸಂಗತಿಯಿಂದ ಹೊರಡುತ್ತವೆ.

ವೈರಸ್ಸಿನ ಜೀನೋಮ್ ಸುಮಾರು 29,900 ಅಕ್ಷರಗಳ ಒಂದೇ ಎಳೆಯ ಆರ್‌ಎನ್‌ಎ. ಆರ್‌ಎನ್‌ಎ ವೈರಸ್‌ಗಳ ಪೈಕಿ ಇದು ಬಹಳ ಉದ್ದದ್ದು. ಇಷ್ಟು ಉದ್ದದ ಬರಹವನ್ನು ನಕಲಿಸುವಾಗ ತಪ್ಪು ತಿದ್ದುವ ಕಿಣ್ವವೊಂದು ಕೊರೊನಾ ವೈರಸ್‌ಗಳಲ್ಲಿದೆ. ಫ್ಲೂ ವೈರಸ್ಸಿಗೆ ಈ ಸೌಕರ್ಯವಿಲ್ಲ. ಹೀಗಾಗಿ 2020ರ ಆರಂಭದಲ್ಲಿ ಹಲವು ತಜ್ಞರು ಈ ವೈರಸ್ ನಿಧಾನವಾಗಿ ಬದಲಾಗುತ್ತದೆಂದು ಎಣಿಸಿದ್ದರು. ಒಂದು ಸೋಂಕಿನ ಸರಪಳಿಯಲ್ಲಿ ತಿಂಗಳಿಗೆ ಸರಾಸರಿ ಎರಡು ಅಕ್ಷರ ಬದಲಾಗುತ್ತಿದ್ದವು, ಅಷ್ಟೇ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಕೋಟಿಗಟ್ಟಲೆ ದೇಹಗಳಲ್ಲಿ ಏಕಕಾಲಕ್ಕೆ ನಕಲಾಗುವ ವೈರಸ್ಸಿಗೆ ಅಷ್ಟು ತಪ್ಪುಗಳೇ ಬೇಕಾದಷ್ಟಾದವು. ಬದಲಾವಣೆಗಳಲ್ಲಿ ಹೆಚ್ಚಿನವು ಅದಕ್ಕೆ ಲಾಭವನ್ನೂ ತರುವುದಿಲ್ಲ, ನಷ್ಟವನ್ನೂ ತರುವುದಿಲ್ಲ. ಲೆಕ್ಕಕ್ಕೆ ಬರುವ ಬದಲಾವಣೆಗಳ ಬಹುಪಾಲು ಮೇಲ್ಮೈಯ ಸ್ಪೈಕ್ ಪ್ರೋಟೀನಿನಲ್ಲಿ ಕಾಣಿಸಿಕೊಂಡವು. 1,273 ಅಮೈನೋ ಆಮ್ಲಗಳ ಈ ಪ್ರೋಟೀನಿನ ತುದಿ ನಮ್ಮ ಕೋಶಗಳ ಮೇಲಿನ ಎಸಿಇ2 ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಸೋಂಕನ್ನು ಬಾಗಿಲಲ್ಲೇ ತಡೆಯುವ ಪ್ರತಿಕಾಯಗಳೂ ಹೆಚ್ಚಾಗಿ ಅದೇ ತುದಿಯನ್ನೇ ಹಿಡಿಯುತ್ತವೆ. ಎಂದರೆ ವೈರಸ್ ಒಳನುಗ್ಗುವ ಅಂಗವೂ ದೇಹ ಗುರುತು ಹಿಡಿಯುವ ಅಂಗವೂ ಒಂದೇ; ಅಲ್ಲಾಗುವ ಒಂದೇ ಬದಲಾವಣೆ ಎರಡು ಕೆಲಸ ಮಾಡಬಲ್ಲದು.

ಮೊದಲ ಎರಡು ವರ್ಷಗಳಲ್ಲಿ ರೂಪಾಂತರಿಗಳು ಗೆದ್ದದ್ದು ಮುಖ್ಯವಾಗಿ ಹರಡುವ ಬಲದಿಂದ. 2020ರ ಮಧ್ಯದ ಹೊತ್ತಿಗೆ ಸ್ಪೈಕಿನ 614ನೇ ಸ್ಥಾನದ ಒಂದು ಬದಲಾವಣೆ ಹೊತ್ತ ತಳಿ ಲೋಕವನ್ನೆಲ್ಲ ಆವರಿಸಿತ್ತು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ 2020ರ ಸೆಪ್ಟೆಂಬರಿನ ಮಾದರಿಗಳಲ್ಲಿ ಸಿಕ್ಕ ಆಲ್ಫಾ ಅದಕ್ಕಿಂತ ವೇಗವಾಗಿ ಹರಡಿತು. ಭಾರತದಲ್ಲಿ 2020ರ ಕೊನೆಯ ತಿಂಗಳುಗಳಲ್ಲಿ ಮೊದಲು ಗುರುತಿಸಲಾದ ಡೆಲ್ಟಾ ಆಲ್ಫಾವನ್ನೂ ಹಿಂದಿಕ್ಕಿತು. ಇಂಗ್ಲೆಂಡಿನ ದಾಖಲೆಗಳ ಪ್ರಕಾರ ಡೆಲ್ಟಾ ತಗುಲಿದವರು ಆಸ್ಪತ್ರೆ ಸೇರುವ ಸಂಭವ ಆಲ್ಫಾ ತಗುಲಿದವರಿಗಿಂತ ಸುಮಾರು ಎರಡು ಪಟ್ಟಿತ್ತು. ವೈರಸ್‌ಗಳು ಕಾಲ ಕಳೆದಂತೆ ಮೆತ್ತಗಾಗುತ್ತವೆ ಎಂಬ ಹಳೆಯ ನಂಬಿಕೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಸೋಂಕಿತ ಸಾಯುವ ಅಥವಾ ಹಾಸಿಗೆ ಹಿಡಿಯುವ ಹೊತ್ತಿಗೆ ಈ ವೈರಸ್ ಆಗಲೇ ಮುಂದಿನವರಿಗೆ ದಾಟಿರುತ್ತದೆ. ಆದ್ದರಿಂದ ಸೌಮ್ಯವಾಗಬೇಕೆಂಬ ಒತ್ತಡ ಅದರ ಮೇಲೆ ಹೆಚ್ಚೇನೂ ಇಲ್ಲ. ಇದೇ ಅವಧಿಯಲ್ಲಿ ದಕ್ಷಿಣ ಆಫ್ರಿಕದ ಬೀಟಾ ಮತ್ತು ಬ್ರೆಜಿಲಿನ ಗ್ಯಾಮಾ ಬೇರೊಂದು ದಾರಿ ಹಿಡಿದಿದ್ದವು. ಎರಡರಲ್ಲೂ ಸ್ಪೈಕಿನ 484ನೇ ಸ್ಥಾನ ಬದಲಾಗಿತ್ತು, ಎರಡೂ ಹಳೆಯ ಪ್ರತಿಕಾಯಗಳ ಹಿಡಿತದಿಂದ ಒಂದಿಷ್ಟು ಜಾರಿಕೊಳ್ಳುತ್ತಿದ್ದವು. ಜನರಲ್ಲಿ ರೋಗನಿರೋಧಕತೆ ಇನ್ನೂ ಅಪರೂಪವಾಗಿದ್ದ ಆ ದಿನಗಳಲ್ಲಿ ಈ ಗುಣಕ್ಕೆ ದೊಡ್ಡ ಬೆಲೆಯಿರಲಿಲ್ಲ; ಹೆಚ್ಚಿನ ಕಡೆ ಡೆಲ್ಟಾ ಅವನ್ನು ಮೂಲೆಗೆ ತಳ್ಳಿತು. ಮುಂದೆ ಎಲ್ಲರ ದೇಹದಲ್ಲೂ ಪ್ರತಿಕಾಯಗಳು ತುಂಬಿಕೊಂಡಾಗ ಬೀಟಾ ತುಳಿದಿದ್ದ ದಾರಿಯೇ ಹೆದ್ದಾರಿಯಾಯಿತು.

ಗ್ಯಾಮಾ ಹುಟ್ಟಿದ ಮನೌಸ್ ನಗರದ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು. ಅಮೆಜಾನ್ ಕಾಡಿನ ನಡುವಿನ ಆ ನಗರದಲ್ಲಿ 2020ರ ಅಕ್ಟೋಬರ್ ಹೊತ್ತಿಗೆ ಶೇ. 76ರಷ್ಟು ಜನಕ್ಕೆ ಸೋಂಕು ತಗುಲಿ ಹೋಗಿದೆ ಎಂದು ರಕ್ತದಾನಿಗಳ ಮಾದರಿ ಆಧರಿಸಿದ ಅಧ್ಯಯನವೊಂದು ಅಂದಾಜಿಸಿತು. ಸಮುದಾಯ ರಕ್ಷಣೆ ಬಂದೇಬಿಟ್ಟಿತು ಎಂದು ಹಲವರು ನಂಬಿದರು. 2021ರ ಜನವರಿಯಲ್ಲಿ ಅದೇ ನಗರದ ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿದು ಜನ ಉಸಿರುಗಟ್ಟಿ ಸತ್ತರು. ದೆಹಲಿಯಲ್ಲೂ ಹೀಗೆಯೇ ಆಯಿತು. 2021ರ ಜನವರಿಯ ಸಮೀಕ್ಷೆಯಲ್ಲಿ ಅಲ್ಲಿನ ಶೇ. 56ರಷ್ಟು ಜನರ ರಕ್ತದಲ್ಲಿ ಪ್ರತಿಕಾಯಗಳು ಕಂಡಿದ್ದವು. ಏಪ್ರಿಲ್ ಹೊತ್ತಿಗೆ ಡೆಲ್ಟಾ ಅಲೆ ನಗರವನ್ನು ನಡುಗಿಸಿತು. ಕರ್ನಾಟಕದಲ್ಲಿ 2020ರ ಸೆಪ್ಟೆಂಬರಿನಲ್ಲಿ ನಡೆದ ರಾಜ್ಯ ಸಮೀಕ್ಷೆ ಶೇ. 27.3ರಷ್ಟು ಜನಕ್ಕೆ ಆಗಲೇ ಸೋಂಕು ತಗುಲಿದೆ ಎಂದಿತ್ತು, ಅದೂ ಎರಡನೇ ಅಲೆಯನ್ನು ತಡೆಯಲಿಲ್ಲ. ಈ ಅಂದಾಜುಗಳು ಹೆಚ್ಚೇ ಆಗಿದ್ದಿರಬಹುದು, ರಕ್ತದಾನಿಗಳು ಇಡೀ ಊರಿನ ಪ್ರತಿನಿಧಿಗಳಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಅಂದಾಜನ್ನು ಎಷ್ಟೇ ತಗ್ಗಿಸಿದರೂ ಒಂದು ಮಾತು ನಿಲ್ಲುತ್ತದೆ. ಇಂತಿಷ್ಟು ಶೇಕಡ ಜನಕ್ಕೆ ಸೋಂಕಾದರೆ ಪಿಡುಗು ನಿಲ್ಲುತ್ತದೆ ಎಂಬ ಲೆಕ್ಕಾಚಾರ, ವೈರಸ್ ಬದಲಾಗುವುದಿಲ್ಲ, ರಕ್ಷಣೆ ಕ್ಷೀಣಿಸುವುದಿಲ್ಲ ಎಂಬ ಎರಡು ಕಲ್ಪನೆಗಳ ಮೇಲೆ ನಿಂತಿತ್ತು, ಮತ್ತು ಎರಡೂ ಸುಳ್ಳಾದವು. ಆ ಲೆಕ್ಕವನ್ನು ನಂಬಿ ಮುನ್ನೆಚ್ಚರಿಕೆ ಸಡಿಲಿಸಿದ ಊರುಗಳು ತೆತ್ತ ಬೆಲೆಯನ್ನು ಮರೆಯಬಾರದು.

2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕದ ವಿಜ್ಞಾನಿಗಳು ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಮಾಡಿದ ಓಮಿಕ್ರಾನ್ ಹಿಂದಿನವುಗಳ ಮುಂದುವರಿಕೆಯಾಗಿರಲಿಲ್ಲ. ಸ್ಪೈಕ್ ಒಂದರಲ್ಲೇ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು, ಡೆಲ್ಟಾದ ವಂಶಕ್ಕೆ ಅದು ಸೇರಿರಲಿಲ್ಲ. ರೋಗನಿರೋಧಕ ಶಕ್ತಿ ಕುಂದಿದ ವ್ಯಕ್ತಿಯೊಬ್ಬರ ದೇಹದಲ್ಲಿ ತಿಂಗಳುಗಟ್ಟಲೆ ನೆಲೆಸಿ, ಅಲ್ಲಿನ ದುರ್ಬಲ ಪ್ರತಿಕಾಯಗಳೊಡನೆ ಸೆಣಸುತ್ತ ಈ ಬದಲಾವಣೆಗಳನ್ನು ಒಂದೊಂದಾಗಿ ಕೂಡಿಸಿಕೊಂಡಿತು ಎಂಬುದು ಬಲವಾದ ಊಹೆ. ಅಂಥ ರೋಗಿಗಳ ದೇಹದಲ್ಲಿ ವೈರಸ್ ಹೀಗೆ ಬದಲಾಗುವುದನ್ನು ಬ್ರಿಟನ್ನಿನಲ್ಲೂ ದಕ್ಷಿಣ ಆಫ್ರಿಕದಲ್ಲೂ ವೈದ್ಯರು ಹಂತಹಂತವಾಗಿ ದಾಖಲಿಸಿದ್ದಾರೆ. ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಬೆಂಗಳೂರಿನಿಂದ ವರದಿಯಾದವು. ಹೊಸ ತಳಿ ಎಷ್ಟು ರಕ್ಷಣೆಯನ್ನು ಕಿತ್ತುಕೊಂಡಿತು ಎಂಬುದಕ್ಕೆ ಕತಾರ್ ದೇಶದ ದಾಖಲೆಗಳು ಅತ್ಯಂತ ಸ್ಪಷ್ಟ ಉತ್ತರ ಕೊಡುತ್ತವೆ. ಹಿಂದೆ ಸೋಂಕಾಗಿದ್ದರೆ ಡೆಲ್ಟಾದಿಂದ ಮತ್ತೆ ಲಕ್ಷಣಸಹಿತ ಸೋಂಕು ತಗುಲದಂತೆ ಶೇ. 92ರಷ್ಟು ರಕ್ಷಣೆ ಇತ್ತು. ಓಮಿಕ್ರಾನ್ ವಿಷಯದಲ್ಲಿ ಅದು ಶೇ. 56ಕ್ಕೆ ಕುಸಿಯಿತು. ಅದೇ ಅಧ್ಯಯನದಲ್ಲಿ, ಓಮಿಕ್ರಾನಿನಿಂದ ರೋಗ ಉಲ್ಬಣಿಸದಂತೆ ಸಿಕ್ಕ ರಕ್ಷಣೆ ಮಾತ್ರ ಶೇ. 88ರ ಆಸುಪಾಸಿನಲ್ಲೇ ಉಳಿಯಿತು. 56 ಮತ್ತು 88ರ ನಡುವಿನ ಆ ಅಂತರವನ್ನು ವಿವರಿಸಬಲ್ಲವರು ಪಿಡುಗಿನ ನಂತರದ ರೋಗನಿರೋಧಕತೆಯನ್ನು ವಿವರಿಸಿದಂತೆಯೇ.

ವಿವರಣೆಗೆ ದೇಹದೊಳಗೆ ಇಳಿಯಬೇಕು. ಸೋಂಕು ಅಥವಾ ಲಸಿಕೆಯ ನಂತರ ಕಂಕುಳು, ಕತ್ತಿನ ದುಗ್ಧಗ್ರಂಥಿಗಳಲ್ಲಿ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಗುಂಪುಗೂಡಿ ವಿಭಜನೆಗೊಳ್ಳತೊಡಗುತ್ತವೆ. ವಿಭಜನೆಯಾಗುವಾಗ ತಮ್ಮ ಪ್ರತಿಕಾಯದ ನಕ್ಷೆಯನ್ನು ಬೇಕೆಂದೇ ಅಲ್ಪಸ್ವಲ್ಪ ಬದಲಿಸಿಕೊಳ್ಳುತ್ತವೆ. ವೈರಸ್ಸಿನ ತುಣುಕನ್ನು ಹೆಚ್ಚು ಬಿಗಿಯಾಗಿ ಹಿಡಿಯಬಲ್ಲ ಕೋಶ ಉಳಿಯುತ್ತದೆ, ಹಿಡಿಯಲಾರದ್ದು ಅಲ್ಲೇ ಸಾಯುತ್ತದೆ. ವೈರಸ್ ಹೊರಗೆ ಬದಲಾಗುತ್ತಿರುವಾಗ ನಮ್ಮೊಳಗೂ ಬದಲಾವಣೆ ಮತ್ತು ಆಯ್ಕೆ ನಡೆಯುತ್ತಿರುತ್ತದೆ ಎಂಬುದು ಜೀವಶಾಸ್ತ್ರದ ಬೆರಗುಗೊಳಿಸುವ ಸಂಗತಿಗಳಲ್ಲೊಂದು. ಎಂಆರ್‌ಎನ್‌ಎ ಲಸಿಕೆ ಪಡೆದವರ ದುಗ್ಧಗ್ರಂಥಿಗಳಿಂದ ಸೂಜಿಯಿಂದ ಮಾದರಿ ತೆಗೆದು ನೋಡಿದ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಕೆಲವರಲ್ಲಿ ಈ ಪ್ರಕ್ರಿಯೆ ಆರು ತಿಂಗಳಾದರೂ ಮುಗಿಯದೆ ನಡೆಯುತ್ತಿದ್ದುದನ್ನು ಕಂಡರು. ಅಲ್ಲಿಂದ ಹೊರಬರುವ ಕೋಶಗಳಲ್ಲಿ ಕೆಲವು ಅಸ್ಥಿಮಜ್ಜೆ ಸೇರಿ ವರ್ಷಗಟ್ಟಲೆ ಪ್ರತಿಕಾಯ ಸ್ರವಿಸುತ್ತ ಕೂರುತ್ತವೆ. ಇನ್ನು ಕೆಲವು ನೆನಪಿನ ಕೋಶಗಳಾಗಿ ರಕ್ತದಲ್ಲಿ ಸುತ್ತುತ್ತವೆ. ಏನನ್ನೂ ಸ್ರವಿಸುವುದಿಲ್ಲ, ಕಾಯುತ್ತವೆ. ಹೀಗೆ ಪಳಗಿದ ನೆನಪಿನ ಕೋಶಗಳಲ್ಲಿ ಕೆಲವು ತಾವೆಂದೂ ಕಾಣದ ರೂಪಾಂತರಿಗಳನ್ನೂ ಹಿಡಿಯಬಲ್ಲವು.

ರಕ್ತದ ಪ್ರತಿಕಾಯಗಳನ್ನು ಪ್ರಯೋಗಾಲಯದಲ್ಲಿ ಅಳೆಯುವ ಕ್ರಮ ಸರಳವಾದದ್ದು. ರಕ್ತದ ಕೋಶಗಳನ್ನು ತೆಗೆದ ಮೇಲೆ ಉಳಿಯುವ ದ್ರವವಾದ ಸೀರಮನ್ನು ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ಹೀಗೆ ತೆಳುವಾಗಿಸುತ್ತ ಸಾಲಾಗಿ ಪುಟ್ಟ ಗುಳಿಗಳಿಗೆ ಹಾಕುತ್ತಾರೆ, ಪ್ರತಿ ಗುಳಿಗೂ ಒಂದೇ ಪ್ರಮಾಣದ ವೈರಸ್ ಬೆರೆಸುತ್ತಾರೆ, ಆಮೇಲೆ ಅದನ್ನು ಜೀವಂತ ಕೋಶಗಳ ಮೇಲೆ ಸುರಿಯುತ್ತಾರೆ. ಯಾವ ತೆಳುವಿನವರೆಗೆ ಅರ್ಧದಷ್ಟು ಸೋಂಕು ತಡೆಯುತ್ತದೆಯೋ ಅದೇ ಅಂಕಿ. ಈ ಅಂಕಿ ಲಸಿಕೆಯ ಕೆಲವು ತಿಂಗಳ ನಂತರ ಇಳಿಯುತ್ತದೆ, ಹೊಸ ರೂಪಾಂತರಿಯ ಎದುರು ಇನ್ನಷ್ಟು ಇಳಿಯುತ್ತದೆ. ಓಮಿಕ್ರಾನ್ ಬಂದಾಗ ಎರಡು ಡೋಸ್ ಪಡೆದ ಎಷ್ಟೋ ಜನರಲ್ಲಿ ಅದು ಅಳತೆಗೇ ಸಿಗದಷ್ಟು ಕುಸಿಯಿತು. ಲಸಿಕೆ ವ್ಯರ್ಥವಾಯಿತು ಎಂಬ ಮಾತು ಎದ್ದದ್ದು ಇಲ್ಲಿಂದಲೇ. ಆದರೆ ಈ ಪರೀಕ್ಷೆ ಹೇಳುವುದು ಆ ಕ್ಷಣ ರಕ್ತದಲ್ಲಿ ತೇಲುತ್ತಿರುವ ಪ್ರತಿಕಾಯದ ಬಗ್ಗೆ ಮಾತ್ರ. ನೆನಪಿನ ಕೋಶಗಳು ಸೀರಮಿನಲ್ಲಿ ಇರುವುದೇ ಇಲ್ಲ. ಪರೀಕ್ಷೆಗೆ ಕಾಣದ ಪದರಗಳನ್ನು ಪರೀಕ್ಷೆಯ ಆಧಾರದ ಮೇಲೆಯೇ ಇಲ್ಲವೆನ್ನುವುದು ಸರಿಯಲ್ಲ. ಮೇಲಾಗಿ, ಪ್ರತಿ ಸೋಂಕಿನ ನಂತರವೂ ಪ್ರತಿಕಾಯಗಳು ಉನ್ನತ ಮಟ್ಟದಲ್ಲೇ ಉಳಿಯುವುದಾದರೆ ನಮ್ಮ ರಕ್ತ ಬರಿಯ ಪ್ರೋಟೀನಿನಿಂದ ಗಟ್ಟಿಯಾಗಿಬಿಡುತ್ತಿತ್ತು. ಇಳಿಯುವುದೇ ದೇಹದ ಸಹಜ ಕ್ರಮ.

ನೆನಪು ಇದ್ದಮೇಲೆ ಮರುಸೋಂಕು ಏಕೆ ಎಂಬ ಪ್ರಶ್ನೆಗೆ ಉತ್ತರ ಕಾಲದ ಲೆಕ್ಕದಲ್ಲಿದೆ. ನೆನಪಿನ ಬಿ ಕೋಶಗಳು ಎಚ್ಚೆತ್ತು, ವಿಭಜನೆಗೊಂಡು, ಸಾಕಷ್ಟು ಪ್ರತಿಕಾಯ ಹೊರಡಿಸಲು ನಾಲ್ಕೈದು ದಿನ ಹಿಡಿಯುತ್ತದೆ. ದಡಾರದಲ್ಲಿ ವೈರಸ್ ಹೊಕ್ಕ ದಿನದಿಂದ ಜ್ವರ ಕಾಣಿಸಲು ಹತ್ತು ದಿನಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ನೆನಪು ಎಚ್ಚರಗೊಂಡು ಕೆಲಸ ಮುಗಿಸಿರುತ್ತದೆ, ಆದ್ದರಿಂದ ಒಮ್ಮೆ ದಡಾರ ಬಂದವರಿಗೆ ಬಹುತೇಕ ಜೀವಮಾನವಿಡೀ ಮತ್ತೆ ಬಾರದು. ಕೊರೊನಾ ವೈರಸ್ ಈ ಬಿಡುವು ಕೊಡುವುದಿಲ್ಲ. ಲಕ್ಷಣ ಕಾಣಿಸಿಕೊಳ್ಳಲು ಆಲ್ಫಾದಲ್ಲಿ ಸರಾಸರಿ ಐದು ದಿನ ಬೇಕಾಗುತ್ತಿತ್ತು, ಡೆಲ್ಟಾದಲ್ಲಿ ಸುಮಾರು ನಾಲ್ಕೂವರೆ, ಓಮಿಕ್ರಾನಿನಲ್ಲಿ ಮೂರೂವರೆಗೂ ಕಡಿಮೆ. ಮೂಗು, ಗಂಟಲಿನ ಲೋಳೆಪೊರೆಯಲ್ಲಿ ಬೆಳೆದು ಇನ್ನೊಬ್ಬರಿಗೆ ದಾಟುವಷ್ಟು ಹೊತ್ತಿಗೆ ನೆನಪಿನ ಕೋಶಗಳು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತವೆ. ಆದರೆ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಕುತ್ತು ತರಲು ವೈರಸ್ಸಿಗೆ ಸಾಮಾನ್ಯವಾಗಿ ವಾರಕ್ಕಿಂತ ಹೆಚ್ಚು ಕಾಲ ಬೇಕು. ಮೊದಲ ಓಟದಲ್ಲಿ ವೈರಸ್ ಗೆಲ್ಲುತ್ತದೆ, ಎರಡನೆಯದರಲ್ಲಿ ನಾವು ಗೆಲ್ಲುತ್ತೇವೆ. ಕತಾರಿನ 56 ಮತ್ತು 88ರ ಅಂತರಕ್ಕೆ ಅರ್ಧ ಉತ್ತರ ಇದು.

ಉಳಿದರ್ಧ ಟಿ ಕೋಶಗಳದ್ದು. ಸೋಂಕಿತ ಕೋಶವು ತನ್ನೊಳಗಿನ ವೈರಸ್ ಪ್ರೋಟೀನಿನ ಚಿಕ್ಕ ಚಿಕ್ಕ ತುಣುಕುಗಳನ್ನು ಮೇಲ್ಮೈಯಲ್ಲಿ ಎತ್ತಿ ತೋರಿಸುತ್ತದೆ. ಟಿ ಕೋಶಗಳು ಗುರುತಿಸುವುದು ಇವನ್ನು. ಪ್ರತಿಕಾಯಗಳು ಸ್ಪೈಕಿನ ತುದಿಯ ಆಕಾರವನ್ನು ನೆಚ್ಚಿಕೊಂಡರೆ, ಟಿ ಕೋಶಗಳು ವೈರಸ್ಸಿನ ಮೈತುಂಬ ಹರಡಿದ ಹತ್ತಾರು ತುಣುಕುಗಳನ್ನು ನೆನಪಿಟ್ಟುಕೊಳ್ಳುತ್ತವೆ. ಅಷ್ಟನ್ನೂ ಒಟ್ಟಿಗೆ ಬದಲಿಸುವುದು ವೈರಸ್ಸಿಗೆ ಕಷ್ಟ. ಬದಲಿಸಿದರೂ ಲಾಭ ಕಡಿಮೆ, ಏಕೆಂದರೆ ತುಣುಕುಗಳನ್ನು ಎತ್ತಿ ತೋರಿಸುವ ಅಣುಗಳು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಒಬ್ಬರ ಟಿ ಕೋಶವನ್ನು ತಪ್ಪಿಸಿದ ಬದಲಾವಣೆ ಪಕ್ಕದವರಲ್ಲಿ ಉಪಯೋಗಕ್ಕೆ ಬಾರದು. ಲಸಿಕೆ ಅಥವಾ ಸೋಂಕಿನಿಂದ ಬಂದ ಟಿ ಕೋಶ ಪ್ರತಿಕ್ರಿಯೆಯ ಶೇ. 70ರಿಂದ 80ರಷ್ಟು ಓಮಿಕ್ರಾನ್ ಎದುರೂ ಉಳಿದಿದೆ ಎಂದು ದಕ್ಷಿಣ ಆಫ್ರಿಕದ ಸಂಶೋಧಕರು 2022ರಲ್ಲೇ ತೋರಿಸಿದರು. ಇವುಗಳ ಬಾಳಿಕೆಗೂ ಸಾಕ್ಷಿಯಿದೆ: 2003ರ ಸಾರ್ಸ್ ರೋಗದಿಂದ ಬದುಕುಳಿದ ಸಿಂಗಪುರದ ಕೆಲವರ ರಕ್ತದಲ್ಲಿ 17 ವರ್ಷಗಳ ನಂತರವೂ ಆ ವೈರಸ್ಸನ್ನು ಗುರುತಿಸುವ ಟಿ ಕೋಶಗಳು ಸಿಕ್ಕವು. ಟಿ ಕೋಶಗಳ ಮಹತ್ವವನ್ನು ಉತ್ಪ್ರೇಕ್ಷಿಸಲಾಗಿದೆ ಎಂಬ ವಾದವೂ ಇದೆ. ಪ್ರತಿಕಾಯದ ಅಂಕಿಯೇ ಲಸಿಕೆಯ ಫಲವನ್ನು ಚೆನ್ನಾಗಿ ಮುನ್ಸೂಚಿಸುತ್ತದಲ್ಲ ಎಂದು ಆ ವಾದ ಕೇಳುತ್ತದೆ. ಸೋಂಕು ತಗುಲುವುದನ್ನು ಮುನ್ಸೂಚಿಸುವಲ್ಲಿ ಅದು ನಿಜ. ಸಾವಿನ ವಿಷಯಕ್ಕೆ ಬಂದರೆ, ಬಿ ಕೋಶಗಳೇ ಕುಂದಿಹೋಗಿದ್ದ ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಕೋವಿಡ್‌ನಿಂದ ಬದುಕುಳಿದವರನ್ನು ನೋಡಿದಾಗ ಅವರಲ್ಲಿ ಟಿ ಕೋಶಗಳ ಪ್ರತಿಕ್ರಿಯೆ ಬಲವಾಗಿದ್ದುದು ಕಂಡುಬಂತು.

ಈಗ ದೊಡ್ಡ ಆಕ್ಷೇಪಕ್ಕೆ ಬರೋಣ. ಕರ್ನಾಟಕದ ಎರಡು ದಿನಗಳನ್ನು ಅಕ್ಕಪಕ್ಕ ಇಡಬಹುದು. 2021ರ ಮೇ 5ರಂದು, ಡೆಲ್ಟಾ ಅಲೆಯಲ್ಲಿ, ರಾಜ್ಯದ ಆರೋಗ್ಯ ಇಲಾಖೆಯ ಪ್ರಕಟಣೆ 50,112 ಹೊಸ ಪ್ರಕರಣ ಮತ್ತು 346 ಸಾವುಗಳನ್ನು ತೋರಿಸಿತು. 2022ರ ಜನವರಿ 23ರಂದು, ಓಮಿಕ್ರಾನ್ ಅಲೆಯಲ್ಲಿ, 50,210 ಪ್ರಕರಣ ಮತ್ತು 19 ಸಾವು. ಸಾವು ಪ್ರಕರಣಗಳಿಗಿಂತ ಎರಡು ಮೂರು ವಾರ ತಡವಾಗಿ ಬರುವುದರಿಂದ ಒಂದೇ ದಿನದ ಅಂಕಿಗಳನ್ನು ಹೀಗೆ ಹೋಲಿಸುವುದರಲ್ಲಿ ದೋಷವಿದೆ. ಆದರೆ ಮುಂದಿನ ವಾರಗಳಲ್ಲಿಯೂ ಓಮಿಕ್ರಾನ್ ಅಲೆಯ ಸಾವುಗಳು ಡೆಲ್ಟಾ ಕಾಲದ ಹತ್ತಿರಕ್ಕೂ ಹೋಗಲಿಲ್ಲ. ಇದನ್ನು ಓಮಿಕ್ರಾನಿನ ಸೌಮ್ಯತೆಗೆ ಕಟ್ಟಬಹುದಲ್ಲ? ಸ್ವಲ್ಪ ಮಟ್ಟಿಗೆ ಕಟ್ಟಬಹುದು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಲ್ಲಿ ಮನುಷ್ಯರ ಅಂಗಾಂಶದ ಮೇಲೆ ನಡೆದ ಪ್ರಯೋಗದಲ್ಲಿ ಓಮಿಕ್ರಾನ್ ಶ್ವಾಸನಾಳದಲ್ಲಿ ಡೆಲ್ಟಾಕ್ಕಿಂತ ಸುಮಾರು 70 ಪಟ್ಟು ವೇಗವಾಗಿ ಬೆಳೆಯಿತು, ಶ್ವಾಸಕೋಶದ ಒಳಭಾಗದಲ್ಲಿ ಮಾತ್ರ ಹಿಂದುಳಿಯಿತು. ಹಾಗಾದರೆ ರೋಗನಿರೋಧಕತೆ ಇಲ್ಲದ ಜನರ ನಡುವೆ ಓಮಿಕ್ರಾನ್ ಹೇಗೆ ನಡೆದುಕೊಂಡಿತು ಎಂದು ಕೇಳಬೇಕು, ಮತ್ತು ಅದಕ್ಕೆ ಅದೇ ಹಾಂಗ್‌ಕಾಂಗ್ ನಗರ ಉತ್ತರ ಕೊಟ್ಟಿತು. ಎರಡು ವರ್ಷ ವೈರಸ್ಸನ್ನು ಹೊರಗಿಟ್ಟಿದ್ದ ಆ ನಗರದಲ್ಲಿ 2021ರ ಕೊನೆಯವರೆಗೆ ಸತ್ತವರು ಸುಮಾರು 200 ಮಂದಿ. 80 ವಯಸ್ಸು ಮೀರಿದವರಲ್ಲಿ ಹೆಚ್ಚಿನವರು ಲಸಿಕೆಯನ್ನೂ ಪಡೆದಿರಲಿಲ್ಲ, ಸೋಂಕನ್ನೂ ಕಂಡಿರಲಿಲ್ಲ. 2022ರ ಆರಂಭದಲ್ಲಿ ಓಮಿಕ್ರಾನ್ ಒಳಹೊಕ್ಕಿತು. ಕೆಲವೇ ತಿಂಗಳಲ್ಲಿ 9,000ಕ್ಕೂ ಹೆಚ್ಚು ಜನ ಸತ್ತರು. ಮಾರ್ಚ್ ತಿಂಗಳಲ್ಲಿ ಅಲ್ಲಿನ ಸಾವಿನ ಪ್ರಮಾಣ ಇಡೀ ಪಿಡುಗಿನಲ್ಲೇ ಅತ್ಯಂತ ಹೆಚ್ಚಿನವುಗಳಲ್ಲೊಂದಾಗಿತ್ತು. ಸೌಮ್ಯವೆಂದು ಹೆಸರಾದ ಅದೇ ವೈರಸ್, ನೆನಪಿಲ್ಲದ ದೇಹಗಳಲ್ಲಿ ಮಾಡಿದ ಕೆಲಸ ಇದು. ಬೆಂಗಳೂರಿನ ಹಿರಿಯರಿಗೂ ಹಾಂಗ್‌ಕಾಂಗಿನ ಹಿರಿಯರಿಗೂ ನಡುವೆ ಇದ್ದ ಮುಖ್ಯ ವ್ಯತ್ಯಾಸ ಲಸಿಕೆ ಮತ್ತು ಹಿಂದಿನ ಸೋಂಕು.

ಇದು ಹೊಸ ಬಗೆಯ ಕಥೆಯೂ ಅಲ್ಲ. ಮನುಷ್ಯರಲ್ಲಿ ನೆಗಡಿ ತರುವ ನಾಲ್ಕು ಹಳೆಯ ಕೊರೊನಾ ವೈರಸ್‌ಗಳಿವೆ: 229ಇ, ಒಸಿ43, ಎನ್‌ಎಲ್63, ಎಚ್‌ಕೆಯು1. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿದ್ದ ನೆಗಡಿ ಸಂಶೋಧನಾ ಘಟಕದವರು ಸ್ವಯಂಸೇವಕರ ಮೂಗಿಗೆ 229ಇ ವೈರಸ್ ಹನಿಸಿ, ಒಂದು ವರ್ಷದ ನಂತರ ಮತ್ತೆ ಹನಿಸಿದರು. ಮೊದಲ ಸಲ ಸೋಂಕಿತರಾಗಿದ್ದವರಲ್ಲಿ ಹೆಚ್ಚಿನವರಿಗೆ ವೈರಸ್ ಮತ್ತೆ ತಗುಲಿತು. ಆದರೆ ಯಾರಿಗೂ ನೆಗಡಿ ಬರಲಿಲ್ಲ, ವೈರಸ್ ಹೊರಸೂಸಿದ ದಿನಗಳೂ ಕಡಿಮೆಯಾದವು. 1990ರಲ್ಲಿ ಪ್ರಕಟವಾದ ಈ ಪುಟ್ಟ ಪ್ರಯೋಗದಲ್ಲಿ ಮೂವತ್ತು ವರ್ಷಗಳ ನಂತರ ಜಗತ್ತು ಕಲಿತ ಪಾಠ ಆಗಲೇ ಇತ್ತು. ಆಮ್ಸ್ಟರ್‌ಡ್ಯಾಮಿನಲ್ಲಿ ದಶಕಗಳ ಕಾಲ ಕಾಪಿಟ್ಟ ಹತ್ತು ಜನರ ರಕ್ತಮಾದರಿಗಳು, ಈ ನಾಲ್ಕೂ ವೈರಸ್‌ಗಳು ಒಂದು ವರ್ಷದಷ್ಟು ಬೇಗ ಮತ್ತೆ ತಗುಲಬಲ್ಲವು ಎಂದು ತೋರಿಸಿದವು. ಅಮೆರಿಕದ ಸಿಯಾಟಲ್‌ನ ಜೆಸ್ಸಿ ಬ್ಲೂಮ್ ಅವರ ಪ್ರಯೋಗಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1980ರ ದಶಕದ ಸೀರಮ್‌ಗಳನ್ನು 1984ರ 229ಇ ಸ್ಪೈಕಿನ ಎದುರು, ಆಮೇಲೆ ಅದರ ನಂತರದ ವರ್ಷಗಳ ಸ್ಪೈಕುಗಳ ಎದುರು ನಿಲ್ಲಿಸಿ ನೋಡಿತು. 1984ರ ವೈರಸ್ಸನ್ನು ಚೆನ್ನಾಗಿ ತಡೆದ ಸೀರಮ್‌ಗಳು ಒಂದೆರಡು ದಶಕದ ನಂತರದ ವೈರಸ್ ಎದುರು ಬಹುಪಾಲು ಸೋತವು. ಈ ಕಾಲದ ಮಕ್ಕಳ ಸೀರಮ್ ತಮ್ಮ ಜೀವಿತಾವಧಿಯ ವೈರಸ್‌ಗಳನ್ನೇ ಹೆಚ್ಚಾಗಿ ತಡೆದರೆ, ದೊಡ್ಡವರ ಸೀರಮ್ ತಾವು ಬೆಳೆಯುತ್ತ ಕಂಡ ಹಳೆಯ ತಳಿಗಳನ್ನೂ ತಡೆಯಿತು. ಎಂದರೆ ಹಳೆಯ ಕೊರೊನಾಗಳೂ ರೂಪಾಂತರಗೊಳ್ಳುತ್ತಲೇ ಬಂದಿವೆ, ನಾವು ಅವುಗಳ ಸೋಂಕಿಗೆ ಈಡಾಗುತ್ತಲೇ ಬಂದಿದ್ದೇವೆ, ಅವು ನಮ್ಮನ್ನು ಕೊಲ್ಲುತ್ತಿಲ್ಲ. ಅವನ್ನು ನಾವು ಮೊದಲು ಎದುರಿಸುವುದು ಎಳೆಯ ವಯಸ್ಸಿನಲ್ಲಿ, ಕೊರೊನಾ ಸೋಂಕು ಸಾಮಾನ್ಯವಾಗಿ ಹಗುರವಾಗಿರುವ ವಯಸ್ಸಿನಲ್ಲಿ. 2020ರ ದುರಂತದ ತಿರುಳೆಂದರೆ, 70 ವಯಸ್ಸಿನವರು ಹೊಸ ಕೊರೊನಾ ವೈರಸ್ ಒಂದನ್ನು ಜೀವನದಲ್ಲೇ ಮೊದಲ ಬಾರಿಗೆ ಎದುರಿಸಬೇಕಾಗಿ ಬಂದದ್ದು.

ಮೊದಲು ಕಂಡ ತಳಿಯ ನೆನಪೇ ಅಡ್ಡಿಯಾಗುವುದಿಲ್ಲವೇ ಎಂಬುದು ಇನ್ನೊಂದು ಗಂಭೀರ ಆಕ್ಷೇಪ. ಫ್ಲೂ ವಿಷಯದಲ್ಲಿ ಥಾಮಸ್ ಫ್ರಾನ್ಸಿಸ್ 1960ರಲ್ಲೇ ಇದನ್ನು ಹೇಳಿದ್ದರು: ಬಾಲ್ಯದಲ್ಲಿ ಎದುರಾದ ತಳಿಗೆ ತಕ್ಕ ಪ್ರತಿಕಾಯಗಳನ್ನೇ ದೇಹ ಮುಂದೆಯೂ ಮುಂದುಮಾಡುತ್ತದೆ. 2022ರಲ್ಲಿ ಮೂಲ ತಳಿ ಮತ್ತು ಓಮಿಕ್ರಾನ್ ಎರಡನ್ನೂ ಬೆರೆಸಿದ ಲಸಿಕೆಗಳು ಬಂದಾಗ ಅವುಗಳ ಲಾಭ ನಿರೀಕ್ಷೆಗಿಂತ ಕಡಿಮೆಯಾದದ್ದಕ್ಕೆ ಇದೂ ಒಂದು ಕಾರಣ. ಮುಂದಿನ ವರ್ಷ ಮೂಲ ತಳಿಯನ್ನು ಕೈಬಿಟ್ಟು ಓಮಿಕ್ರಾನಿನ ಕವಲಾದ ಎಕ್ಸ್‌ಬಿಬಿ.1.5ಕ್ಕೆ, ಅದರ ಮುಂದಿನ ವರ್ಷ ಜೆಎನ್.1 ವಂಶಕ್ಕೆ ಲಸಿಕೆಯನ್ನು ಹೊಂದಿಸಿದ್ದು ಸರಿಯಾದ ನಿರ್ಧಾರ. ಆದರೆ ಹಳೆಯ ನೆನಪು ಕಟ್ಟಿಹಾಕುವ ಸಂಕೋಲೆ ಎಂದು ತೀರ್ಮಾನಿಸಿದವರು ಅವಸರಪಟ್ಟರು. ಚೀನಾದಲ್ಲಿ ನಿಷ್ಕ್ರಿಯ ವೈರಸ್ ಲಸಿಕೆ ಪಡೆದು ಆಮೇಲೆ ಎರಡೆರಡು ಸಲ ಓಮಿಕ್ರಾನ್ ಸೋಂಕು ಕಂಡವರಲ್ಲಿ ಓಮಿಕ್ರಾನಿಗೇ ಮೀಸಲಾದ ಹೊಸ ಪ್ರತಿಕಾಯಗಳು ಹುಟ್ಟಿಕೊಂಡವು. ಎಂಆರ್‌ಎನ್‌ಎ ಲಸಿಕೆ ಪಡೆದವರಲ್ಲಿ ಹಳೆಯ ನೆನಪಿನ ಹಿಡಿತ ಹೆಚ್ಚಿದ್ದರೂ, ಆ ನೆನಪಿನಿಂದಲೇ ಹಳತು ಹೊಸತು ಎರಡನ್ನೂ ಹಿಡಿಯುವ ಪ್ರತಿಕಾಯಗಳು ಪಳಗಿ ಬಂದವು. ನಿಜವಾದ ಪರೀಕ್ಷೆ 2023ರ ಆಗಸ್ಟಿನಲ್ಲಿ ಎದುರಾಯಿತು. ಡೆನ್ಮಾರ್ಕ್ ಮತ್ತು ಇಸ್ರೇಲಿನಲ್ಲಿ ಸಿಕ್ಕ ಬಿಎ.2.86 ತಳಿ, ತಾನು ಹುಟ್ಟಿಬಂದ, ಓಮಿಕ್ರಾನಿನದೇ ಕವಲಾದ ಬಿಎ.2ಕ್ಕೆ ಹೋಲಿಸಿದರೆ ಸ್ಪೈಕಿನಲ್ಲಿ 30ಕ್ಕೂ ಹೆಚ್ಚು ಬದಲಾವಣೆ ಹೊತ್ತಿತ್ತು; ಡೆಲ್ಟಾದಿಂದ ಓಮಿಕ್ರಾನಿಗೆ ಆದಂಥದೇ ಜಿಗಿತ. 455ನೇ ಸ್ಥಾನದಲ್ಲಿ ಇನ್ನೊಂದು ಬದಲಾವಣೆ ಸೇರಿಸಿಕೊಂಡ ಅದರ ಕುಡಿ ಜೆಎನ್.1, 2024ರ ಜನವರಿಯ ಹೊತ್ತಿಗೆ ಜಗತ್ತಿನ ಹೆಚ್ಚಿನ ಕಡೆ ಮೇಲುಗೈ ಸಾಧಿಸಿತ್ತು. ಸೋಂಕುಗಳು ಏರಿದವು. ಆಸ್ಪತ್ರೆಗಳು 2021ರಂತೆ ತುಂಬಿ ತುಳುಕಲಿಲ್ಲ. ಹೊರಪದರ ಮತ್ತೊಮ್ಮೆ ಹರಿದಾಗ ಒಳಪದರ ನಿಂತದ್ದಕ್ಕೆ ಇದು ಎರಡನೇ ದೃಷ್ಟಾಂತ.

ಈ ರಕ್ಷಣೆ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ ಎಂಬುದನ್ನು ಒತ್ತಿ ಹೇಳಲೇಬೇಕು. ಅಂಗ ಕಸಿ ಮಾಡಿಸಿಕೊಂಡವರು, ರಕ್ತ ಕ್ಯಾನ್ಸರ್ ರೋಗಿಗಳು, ಬಿ ಕೋಶಗಳನ್ನು ಅಳಿಸುವ ಔಷಧ ಪಡೆಯುವವರು, ಇವರ ದೇಹ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಇವರಿಗೆಂದು ತಯಾರಾದ ಪ್ರತಿಕಾಯ ಔಷಧಗಳು ಒಂದಾದ ಮೇಲೊಂದು ಕೈಕೊಟ್ಟವು. 2021ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎವುಶೆಲ್ಡ್ 2023ರ ಜನವರಿಯಲ್ಲಿ ಹೊಸ ತಳಿಗಳೆದುರು ನಿಷ್ಪ್ರಯೋಜಕವೆಂದು ಅನುಮತಿ ಕಳೆದುಕೊಂಡಿತು. ಒಂದೆರಡು ಪ್ರತಿಕಾಯಗಳನ್ನೇ ನಂಬಿದ ರಕ್ಷಣೆ ಎಷ್ಟು ಬೇಗ ಮುರಿಯುತ್ತದೆ ಎಂಬುದಕ್ಕೂ, ಆರೋಗ್ಯವಂತರ ದೇಹ ನೂರಾರು ಬಗೆಯ ಪ್ರತಿಕಾಯ ಮತ್ತು ಟಿ ಕೋಶಗಳಿಂದ ಎಷ್ಟು ಲಾಭ ಪಡೆಯುತ್ತದೆ ಎಂಬುದಕ್ಕೂ ಇದೇ ಪುರಾವೆ. ವಯಸ್ಸಾದಂತೆ ಹೊಸ ಟಿ ಕೋಶಗಳ ಹುಟ್ಟು ಕುಗ್ಗುವುದರಿಂದ ಹಿರಿಯರಿಗೆ ಲಸಿಕೆ ಮತ್ತೆ ಮತ್ತೆ ಬೇಕಾಗುತ್ತದೆ. ಸೋಂಕು ಹಗುರವಾಗಿ ಕಳೆದ ಮೇಲೂ ತಿಂಗಳುಗಟ್ಟಲೆ ಆಯಾಸ, ಉಸಿರಾಟದ ತೊಂದರೆ, ಮಂಕು ಕವಿಯುವ ದೀರ್ಘ ಕೋವಿಡ್‌ನಿಂದ ಬಳಲುತ್ತಿರುವವರಿದ್ದಾರೆ. ಆಸ್ಪತ್ರೆಯ ಹಾಸಿಗೆ ಮತ್ತು ಸಾವುಗಳನ್ನಷ್ಟೇ ಎಣಿಸುವ ಲೆಕ್ಕದಲ್ಲಿ ಅವರು ಕಾಣಿಸುವುದಿಲ್ಲ.

ಹಾಗಾದರೆ ಎಲ್ಲರಿಗೂ ಸೋಂಕು ತಗುಲಲು ಬಿಟ್ಟಿದ್ದರೂ ಕೊನೆಗೆ ಇದೇ ಸ್ಥಿತಿಗೆ ಬರುತ್ತಿದ್ದೆವಲ್ಲ ಎಂದು ಇನ್ನೂ ವಾದಿಸುವವರಿದ್ದಾರೆ. ಬರುತ್ತಿದ್ದೆವು, ಹೆಣಗಳ ಮೇಲೆ ನಡೆದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020 ಮತ್ತು 2021ರಲ್ಲಿ ಜಗತ್ತಿನಲ್ಲಿ ಸಾಮಾನ್ಯಕ್ಕಿಂತ 1.49 ಕೋಟಿ ಹೆಚ್ಚು ಸಾವುಗಳಾದವು. ಅದರಲ್ಲಿ ಭಾರತದ ಪಾಲು ಸುಮಾರು 47 ಲಕ್ಷ. 2021ರ ಕೊನೆಗೆ ಅಧಿಕೃತ ಲೆಕ್ಕ 4.8 ಲಕ್ಷದಷ್ಟಿತ್ತು, ಮತ್ತು ಸಂಸ್ಥೆಯ ಲೆಕ್ಕದ ಕ್ರಮವನ್ನು ಭಾರತ ಸರ್ಕಾರ ಒಪ್ಪಲಿಲ್ಲ. ಯಾವ ಅಂಕಿಯನ್ನು ಹಿಡಿದರೂ, ಈ ಸಾವುಗಳಲ್ಲಿ ಬಹುಪಾಲು ಸಂಭವಿಸಿದ್ದು ಲಸಿಕೆಗೆ ಮೊದಲು ಸೋಂಕು ತಲುಪಿದ ದೇಹಗಳಲ್ಲಿ. ಸೋಂಕು ಮತ್ತು ಲಸಿಕೆ ಎರಡೂ ನೆನಪನ್ನು ಕೊಡುತ್ತವೆ. ಆದರೆ ಸೋಂಕು ಆ ನೆನಪು ಕೂಡಿಬರುವ ಮೊದಲೇ ತನ್ನ ಹಾನಿ ಮಾಡಿರುತ್ತದೆ. ಭಾರತದಲ್ಲಿ ಲಸಿಕೆ ಅಭಿಯಾನ ಆರಂಭವಾದದ್ದು 2021ರ ಜನವರಿ 16ರಂದು, ನೂರು ಕೋಟಿ ಡೋಸ್ ಮುಟ್ಟಿದ್ದು ಅಕ್ಟೋಬರ್ 21ರಂದು. ನಡುವಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಡೆಲ್ಟಾ ಬಂದು ಹೋಯಿತು. ಆರು ತಿಂಗಳ ಹಿಂದುಮುಂದು ಎಷ್ಟು ಜೀವಗಳ ಪ್ರಶ್ನೆಯಾಗಿತ್ತು ಎಂಬುದನ್ನು ಈ ಮೂರು ದಿನಾಂಕಗಳಲ್ಲೇ ಓದಬಹುದು.

ಮುಂದಿನ ಕೆಲಸ ಎರಡು ಕಡೆ ನಡೆಯುತ್ತಿದೆ. ತೋಳಿಗೆ ಚುಚ್ಚುವ ಲಸಿಕೆ ರಕ್ತದಲ್ಲಿ ಪ್ರತಿಕಾಯ ತುಂಬುತ್ತದೆ, ಮೂಗು ಗಂಟಲಿನ ಲೋಳೆಪೊರೆಯಲ್ಲಿ ಅಷ್ಟಾಗಿ ತುಂಬುವುದಿಲ್ಲ. ಕಾಲದ ಓಟದಲ್ಲಿ ವೈರಸ್ ಮೊದಲು ಗೆಲ್ಲುವ ಜಾಗವೂ ಅದೇ. ಅಲ್ಲೇ ರಕ್ಷಣೆ ಕಟ್ಟುವ ಆಸೆಯಿಂದ ಮೂಗಿಗೆ ಹಾಕುವ ಲಸಿಕೆಗಳು ಬಂದಿವೆ. ಭಾರತ್ ಬಯೋಟೆಕ್ ಕಂಪನಿಯ ಇನ್‌ಕೋವ್ಯಾಕ್‌ಗೆ 2022ರ ಸೆಪ್ಟೆಂಬರಿನಲ್ಲಿ ಅನುಮತಿ ಸಿಕ್ಕಿತು. ಇಂಥ ಲಸಿಕೆಗಳು ಹರಡುವಿಕೆಯನ್ನೇ ಗಣನೀಯವಾಗಿ ತಡೆಯುತ್ತವೆಂದು ದೊಡ್ಡ ಪ್ರಮಾಣದಲ್ಲಿ ಸಾಬೀತಾಗುವುದು ಇನ್ನೂ ಬಾಕಿಯಿದೆ. ಇನ್ನೊಂದು ಕೆಲಸ ನಿಗಾ. 2020ರ ಡಿಸೆಂಬರಿನಲ್ಲಿ ಹತ್ತು ಪ್ರಯೋಗಾಲಯಗಳೊಡನೆ ಆರಂಭವಾದ ವೈರಸ್ಸಿನ ಜೀನೋಮ್ ಓದುವ ಭಾರತದ ಇನ್ಸಾಕಾಗ್ ಜಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇತ್ತು. ಪರೀಕ್ಷೆ ಮಾಡಿಸಿಕೊಳ್ಳುವವರೇ ಇಲ್ಲವಾದ ಮೇಲೆ ರೋಗಿಗಳ ಮಾದರಿ ನೆಚ್ಚಿಕೊಂಡ ನಿಗಾ ಕುರುಡಾಗುತ್ತದೆ. ಬೆಂಗಳೂರಿನ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಸಂಗ್ರಹಿಸಿದ ನೀರಿನಲ್ಲಿ 2022ರ ಮೊದಲ ತಿಂಗಳುಗಳ ವೈರಸ್ ಪ್ರಮಾಣವನ್ನೂ ತಳಿಗಳನ್ನೂ ಸಂಶೋಧಕರು ಪತ್ತೆಹಚ್ಚಿದ್ದಾರೆ. ಲಕ್ಷಣವಿಲ್ಲದವರ, ವೈದ್ಯರ ಬಳಿ ಹೋಗದವರ ವೈರಸ್ಸೂ ಆ ನೀರಿನಲ್ಲಿ ಸೇರಿರುತ್ತದೆ. ಒಳಪದರಗಳನ್ನೂ ದಾಟಬಲ್ಲ ತಳಿಯೊಂದು ಎಂದಾದರೂ ಹುಟ್ಟಿದರೆ ಅದರ ಮೊದಲ ಸುಳಿವು ಸಿಗುವ ಜಾಗಗಳಲ್ಲಿ ಇದೂ ಒಂದು, ಮತ್ತು ತುರ್ತುಸ್ಥಿತಿ ಮುಗಿದ ಮೇಲೆ ಜಗತ್ತಿನ ಹಲವೆಡೆ ಹಣ ಮೊದಲು ಕಡಿತಗೊಂಡ ಕೆಲಸಗಳಲ್ಲಿ ನಿಗಾ ಸೇರಿದೆ.